ಟ್ರೆಡ್‌ಮಿಲ್‌ಗೆ ಯಾವ ಎಣ್ಣೆ? ಮೂರನ್ನೂ ಹಾಕಿ ನೋಡಿದೆ

ನಮ್ಮ ಬೆಂಗಳೂರಿನ ಮನೆಯಲ್ಲಿರುವ ಟ್ರೆಡ್‌ಮಿಲ್‌ಗೆ ಈಗ ಐದು ವರ್ಷ. ಜಾಸ್ತಿ ಬಳಸುವವರು ಅಪ್ಪ. ದಿನಾ ಬೆಳಿಗ್ಗೆ 40 ನಿಮಿಷ, ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ ನಡೆಯುತ್ತಾರೆ. ಎರಡು ವರ್ಷದ ಹಿಂದೆ ಒಂದು ದಿನ, "ಕಾಲಿಟ್ಟಾಗೆಲ್ಲ ಬೆಲ್ಟ್ ಹಿಡ್ಕೊಂಡ ಹಾಗಾಗತ್ತೆ ಕಣೋ" ಅಂದರು. ನಾನೂ ಹತ್ತಿ ನೋಡಿದೆ. ನಿಜವೇ. ಹೆಜ್ಜೆ ಊರಿದ ತಕ್ಷಣ ಬೆಲ್ಟ್ ಒಂದು ಚೂರು ತಡೆದು, ಆಮೇಲೆ ಜಗ್ಗಿಕೊಂಡು ಓಡುತ್ತಿತ್ತು. ಎಪ್ಪತ್ತರ ಹತ್ತಿರದವರು ಮುಗ್ಗರಿಸುವುದಕ್ಕೆ ಅಷ್ಟೇ ಸಾಕು. ನಾನು ಎಣ್ಣೆ ವಿಷಯಕ್ಕೆ ಇಷ್ಟು ತಲೆ ಕೆಡಿಸಿಕೊಂಡಿದ್ದು ಅದಕ್ಕೇ.

ಬೆಲ್ಟಿನ ಕೆಳಗೆ ಒಂದು ಹಲಗೆ ಇರುತ್ತದೆ. ಅದನ್ನೇ ಡೆಕ್ ಅನ್ನುವುದು. ನಮ್ಮ ಭಾರವೆಲ್ಲ ಬೀಳುವುದು ಅದರ ಮೇಲೆ, ಬೆಲ್ಟ್ ಉಜ್ಜಿಕೊಂಡು ಓಡುವುದೂ ಅದರ ಮೇಲೆಯೇ. ಪಸೆ ಆರಿತು ಅಂದರೆ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಅದನ್ನು ನಡೆಸುವ ಕಂಟ್ರೋಲರ್ ಬೋರ್ಡ್ ಬಿಸಿಯಾಗುತ್ತದೆ. ಹಾಗೇ ಬಿಟ್ಟರೆ ಬೋರ್ಡ್ ಸುಟ್ಟೂ ಹೋಗಬಹುದು. ಎಣ್ಣೆಗೆ ನೂರಾರು ರೂಪಾಯಿ, ಬೋರ್ಡಿಗೆ ಸಾವಿರಾರು.

ಮೊದಲು ಹಾಕಿದ್ದು ಕೊಬ್ಬರಿ ಎಣ್ಣೆ. ಪಕ್ಕದ ಮನೆ ಅಂಕಲ್ ಹೇಳಿದ್ದರು, ಅಡುಗೆಮನೆಯಲ್ಲಿ ಹೇಗೂ ಇತ್ತು. ಮೂರು ದಿನ ಬೆಲ್ಟ್ ರೇಷ್ಮೆ ಹಾಗೆ ಓಡಿತು. ಆಮೇಲೆ ಡಿಸೆಂಬರ್ ಬಂತು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಚಳಿಗಾಲದಲ್ಲಿ ಬಚ್ಚಲುಮನೆಯ ಡಬ್ಬಿಯಲ್ಲಿ ಬೆಳ್ಳಗೆ ಗಟ್ಟಿಯಾಗುತ್ತದಲ್ವಾ, ಹಾಗೆ. ಬೆಲ್ಟಿನ ಕೆಳಗೂ ಅದೇ ಆಯಿತು. ಬೆಳಿಗ್ಗೆ ಆರಕ್ಕೆ ಸ್ವಿಚ್ ಹಾಕಿದರೆ ಮೋಟರ್ ಮುಲುಗುತ್ತಿತ್ತು. ಎರಡು ತಿಂಗಳಾದ ಮೇಲೆ ಹಿಂದಿನ ರೋಲರ್ ಹತ್ತಿರ ಬೆರಳಿಟ್ಟು ನೋಡಿದರೆ, ಎಣ್ಣೆ ಮತ್ತು ಧೂಳು ಸೇರಿ ಕಾಡಿಗೆಯಂಥ ಜಿಗುಟು. ಒಣ ಬಟ್ಟೆಯನ್ನು ಮರದ ಸ್ಕೇಲಿಗೆ ಸುತ್ತಿ, ಬೆಲ್ಟಿನ ಕೆಳಗೆ ತೂರಿಸಿ ಒರೆಸಿದೆ. ಒಂದು ಭಾನುವಾರ ಪೂರ್ತಿ ಅದಕ್ಕೇ ಹೋಯಿತು. ಹೊಲಿಗೆ ಮೆಷಿನ್ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಇವುಗಳನ್ನು ಪರೀಕ್ಷೆ ಮಾಡುವುದಕ್ಕೂ ಹೋಗಬೇಡಿ. ಪೆಟ್ರೋಲಿಯಂ ಎಣ್ಣೆ ಬೆಲ್ಟನ್ನೇ ಹಾಳು ಮಾಡುತ್ತದೆ.

ಎರಡನೆಯದು ಸಿಲಿಕೋನ್ ಸ್ಪ್ರೇ. ಇದರಲ್ಲಿ ಕೆಲಸ ಬಲು ಸುಲಭ. ಬೆಲ್ಟ್ ಎತ್ತಿ ಒತ್ತಿದರೆ ಎರಡು ನಿಮಿಷದಲ್ಲಿ ಮುಗಿಯಿತು. ಆದರೆ ಎಷ್ಟು ಹೋಯಿತು, ಎಲ್ಲಿಗೆ ಹೋಯಿತು ಅನ್ನುವುದೇ ಗೊತ್ತಾಗುವುದಿಲ್ಲ. ಅಂಚಿನಲ್ಲೇ ಜಾಸ್ತಿ ಬೀಳುತ್ತದೆ, ಕಾಲೂರುವ ನಡುಭಾಗಕ್ಕೆ ತಲುಪುವುದು ಕಡಿಮೆ. ನಮ್ಮಲ್ಲಿ ಒಂದೂವರೆ ತಿಂಗಳಿಗೇ ಮತ್ತೆ ಒಣಗಿತು. ಅದಕ್ಕಿಂತ ದೊಡ್ಡ ತೊಂದರೆ ಟೈಲ್ಸ್ ಮೇಲೆ. ಹಾರಿದ ತುಂತುರು ಕಣ್ಣಿಗೆ ಕಾಣುವುದಿಲ್ಲ. ಅಮ್ಮ ಕಸ ಗುಡಿಸುವುದಕ್ಕೆ ಬಂದವರು ಜಾರಿ, ಗೋಡೆ ಹಿಡಿದು ನಿಂತರು. ಬರೀ ನೀರಲ್ಲಿ ಒರೆಸಿದರೆ ಆ ಜಾರು ಹೋಗಲಿಲ್ಲ, ಪಾತ್ರೆ ತೊಳೆಯುವ ಸೋಪು ಹಾಕಿ ಎರಡು ಸಲ ಉಜ್ಜಿದೆ. ಸ್ಪ್ರೇಯನ್ನೇ ತರುತ್ತೀರಾದರೆ ಕೆಳಗೆ ಹಳೇ ಪೇಪರ್ ಹಾಸಿ. ಕೆಲವು ಸ್ಪ್ರೇಗಳಲ್ಲಿ ಪೆಟ್ರೋಲಿಯಂ ದ್ರಾವಕ ಸೇರಿರುತ್ತದೆ, ಡಬ್ಬಿ ಮೇಲಿನ ಬರಹ ಓದಿ ತಗೊಳ್ಳಿ.

ಮೂರನೆಯದು ಬಾಟಲಿಯಲ್ಲಿ ಬರುವ ನೂರಕ್ಕೆ ನೂರು ಸಿಲಿಕೋನ್ ಎಣ್ಣೆ. ಒಂದು ವರ್ಷದಿಂದ ಇದೇ. ಚಳಿಗೆ ಗಟ್ಟಿಯಾಗುವುದಿಲ್ಲ, ವಾಸನೆ ಇಲ್ಲ. ಬಾಟಲಿಯ ಮೂತಿಯಿಂದ ನೇರ ಸುರಿಯುವ ಬದಲು ಮೆಡಿಕಲ್ ಶಾಪಿನಲ್ಲಿ 10 ಮಿಲಿ ಸಿರಿಂಜ್ ತಂದು, ತುದಿಗೆ ಒಂದು ಗೇಣುದ್ದದ ಸಣ್ಣ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿದೆ. ಪ್ಲಗ್ ಕಿತ್ತು, ಒಂದು ಕೈಯಲ್ಲಿ ಬೆಲ್ಟಿನ ಅಂಚು ಎತ್ತಿ, ಕೊಳವೆಯನ್ನು ನಡುಭಾಗದವರೆಗೂ ತೂರಿಸಿ, ಹಾವು ಹರಿದ ಹಾಗೆ ಡೊಂಕಾಗಿ ಬಿಡುತ್ತೇನೆ. ಎಡಕ್ಕೆ 10 ಮಿಲಿ, ಬಲಕ್ಕೆ 10 ಮಿಲಿ. ಆಮೇಲೆ ಐದು ನಿಮಿಷ ನಿಧಾನಕ್ಕೆ ನಡೆದರೆ ಎಣ್ಣೆ ಎಲ್ಲ ಕಡೆ ಹರಡುತ್ತದೆ. ಎಣ್ಣೆ ಮುಗಿದಿದೆಯಾ ಅಂತ ತಿಳಿಯುವುದಕ್ಕೆ ಬೆರಳೇ ಸಾಕು. ಯಂತ್ರ ನಿಲ್ಲಿಸಿ, ಬೆಲ್ಟಿನ ಒಳಮೈಯನ್ನು ನಡುವೆ ಮುಟ್ಟಿ. ಬೆರಳು ನುಣ್ಣಗೆ ಜಾರಿದರೆ ಸುಮ್ನೆ ಬಿಡಿ. ಒಣಗಿದ ಬಟ್ಟೆ ಮುಟ್ಟಿದ ಹಾಗಿದ್ದರೆ ಹಾಕಿ. ನಮ್ಮ ಬಳಕೆಗೆ ಸುಮಾರು ಮೂರು ತಿಂಗಳಿಗೊಮ್ಮೆ ಬೇಕಾಗುತ್ತದೆ.

ಜಾಸ್ತಿ ಸುರಿದರೂ ಕೆಡುಕೇ. ಒಮ್ಮೆ ಸರ್ವಿಸ್‌ಗೆ ಬಂದ ಹುಡುಗ ಅರ್ಧ ಬಾಟಲಿ ಬಗ್ಗಿಸಿ ಹೋದ. ಬೆಲ್ಟ್ ರೋಲರ್ ಮೇಲೆ ಹಿಡಿತ ಬಿಟ್ಟು ಜಾರತೊಡಗಿತು. ಕಾಲಿಟ್ಟಾಗ ತಡೆಯುವುದು ಮತ್ತೆ ಶುರು, ಈ ಸಲ ಕಾರಣ ಉಲ್ಟಾ. ಒರೆಸಿ ತೆಗೆದ ಮೇಲೆಯೇ ಸರಿಹೋಗಿದ್ದು. ಹಾಗಾಗಿ ಎಣ್ಣೆ ಕೆಲಸ ನನ್ನದೇ. ಮೋಟರ್, ಬೋರ್ಡ್ ಕೆಟ್ಟರೆ ಮಾತ್ರ ಸರ್ವಿಸ್‌ನವರನ್ನು ಕರೆಯುತ್ತೇನೆ.

ಉಳಿದದ್ದು ಚಿಕ್ಕ ಕೆಲಸ. ಬೆಲ್ಟ್ ಎಡಕ್ಕೆ ಸರಿದರೆ ಹಿಂದಿನ ಎಡ ಬೋಲ್ಟನ್ನು ಅಲೆನ್ ಕೀಯಲ್ಲಿ ಗಡಿಯಾರದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ, ಎರಡು ನಿಮಿಷ ಓಡಿಸಿ ನೋಡಿ. ಬಲಕ್ಕೆ ಸರಿದರೆ ಬಲ ಬೋಲ್ಟ್. ಒಂದೇ ಸಲಕ್ಕೆ ಜಾಸ್ತಿ ತಿರುಗಿಸಬೇಡಿ. ವರ್ಷಕ್ಕೆ ಎರಡು ಸಲ ಮೋಟರ್ ಮುಚ್ಚಳ ಬಿಚ್ಚಿ ವ್ಯಾಕ್ಯೂಮ್‌ನಲ್ಲಿ ಧೂಳು ಎಳೆಯಿರಿ. ಪ್ಲಗ್ ಕಿತ್ತ ತಕ್ಷಣ ಒಳಗೆ ಕೈ ಹಾಕಬೇಡಿ, ಬೋರ್ಡಿನ ಕೆಪಾಸಿಟರ್‌ಗಳಲ್ಲಿ ಸ್ವಲ್ಪ ಹೊತ್ತು ಕರೆಂಟ್ ಉಳಿದಿರುತ್ತದೆ.

ಹೋದ ತಿಂಗಳು ಮೈಸೂರಿಗೆ ತಂಗಿ ಮನೆಗೆ ಹೊರಟಾಗ ಸಿರಿಂಜು, ಬಾಟಲಿ ಎರಡನ್ನೂ ಬ್ಯಾಗಿಗೆ ಹಾಕಿಕೊಂಡಿದ್ದೆ. ಅವಳ ಯಂತ್ರದ ಪುಸ್ತಕ ತೆಗೆದು ನೋಡಿದರೆ, ಅದು ಮೇಣ ಹಾಕಿದ ಡೆಕ್, ಎಣ್ಣೆ ಹಾಕಬಾರದು ಅಂತ ಇತ್ತು. ಬಾಟಲಿ ಮುಚ್ಚಳ ತೆಗೆಯಲಿಲ್ಲ. ಧೂಳು ಒರೆಸಿ, ಬಲ ಬೋಲ್ಟ್ ಕಾಲು ಸುತ್ತು ತಿರುಗಿಸಿ, ಕಾಫಿ ಕುಡಿದು ಬಂದೆ.