ರೈಟ್ ಕ್ಲಿಕ್ ಮೆನುವಿಗೆ ನನ್ನ ಸಾಲು: ಸೆಂಡ್ ಟು, ರಿಜಿಸ್ಟ್ರಿ, ಕೊಂಡ ಆ್ಯಪ್

ಮನೆಯ ಜಮೀನಿನ ಕಾಗದಗಳನ್ನು ಸ್ಕ್ಯಾನ್ ಮಾಡಿ ಇಡುತ್ತಿದ್ದೇನೆ. ಪಹಣಿ, ಕಂದಾಯ ರಸೀದಿ, ಕ್ರಯಪತ್ರ. ಒಂದು ಭಾನುವಾರ ಕೂತರೆ ನಲವತ್ತು ಐವತ್ತು ಫೈಲು ಆಗುತ್ತವೆ. ಅವನ್ನು ಮೂರು ಫೋಲ್ಡರ್‌ಗೆ ಹಂಚಬೇಕು. ಇದಕ್ಕೆ ರೈಟ್ ಕ್ಲಿಕ್ಕಿನಲ್ಲೇ ದಾರಿ ಬೇಕಿತ್ತು. ಮೂರು ದಾರಿ ನೋಡಿದೆ. ಉಳಿದದ್ದು ವಿಂಡೋಸ್ ಜೊತೆಗೇ ಬರುವ ಸೆಂಡ್ ಟು, ಅಂದರೆ ಆರಿಸಿದ ಫೈಲನ್ನು ಬೇರೆ ಜಾಗಕ್ಕೆ ಕಳಿಸುವ ಮೆನು.

ಮೊದಲು ರೈಟ್ ಕ್ಲಿಕ್ ಮೆನುವಿಗೆ ಸಾಲು ಸೇರಿಸುವ ಒಂದು ಆ್ಯಪ್ ದುಡ್ಡು ಕೊಟ್ಟು ಕೊಂಡೆ. ಮೆನು ನೋಡಲು ಬಲು ಚೆಂದ. ಆದರೆ ಒಂದು ಅಪ್‌ಡೇಟ್ ಆದ ಮೇಲೆ ನಾನು ಸೇರಿಸಿದ್ದ ಸಾಲುಗಳೆಲ್ಲ ಹೋದವು. ತೆಗೆದುಹಾಕಿದೆ.

ಆಮೇಲೆ ರಿಜಿಸ್ಟ್ರಿಗೆ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗಕ್ಕೆ, ಕೈ ಹಾಕಿದೆ. ಅಲ್ಲಿ ಫೋಲ್ಡರ್‌ನಂತೆ ಒಂದರೊಳಗೊಂದು ಇರುವುದಕ್ಕೆ ಕೀ ಎನ್ನುತ್ತಾರೆ. ಶೆಲ್ ಎಂಬ ಕೀ ಕೆಳಗೆ ನಮ್ಮ ಸಾಲಿನ ಹೆಸರಿನ ಒಂದು ಕೀ, ಅದರೊಳಗೆ ಏನು ಓಡಬೇಕೆಂದು ಹೇಳುವ ಕಮಾಂಡ್ ಕೀ, ಅಷ್ಟೇ. ಫೈಲಿನ ಹೆಸರು ಬರುವ ಜಾಗಕ್ಕೆ ಉದ್ಧರಣ ಚಿಹ್ನೆ ಹಾಕಲೇಬೇಕು. ಇಲ್ಲದಿದ್ದರೆ 'ಪಹಣಿ 2009' ಎಂಬ ಹೆಸರು ಖಾಲಿ ಜಾಗದಲ್ಲಿ ಎರಡು ತುಂಡಾಗುತ್ತದೆ.

ಒಂದು ಫೈಲಿಗೆ ಚೆನ್ನಾಗಿ ನಡೆಯಿತು. ಹತ್ತು ಆರಿಸಿ ಒತ್ತಿದೆ. ಹತ್ತು ಕಪ್ಪು ಕಿಟಕಿಗಳು ತೆರೆದು ಮುಚ್ಚಿದವು. ಹೀಗೆ ಬರೆದ ಕಮಾಂಡ್ ಪ್ರತಿ ಫೈಲಿಗೂ ಬೇರೆಯಾಗಿ ಓಡುತ್ತದೆ. ಅದನ್ನಾದರೂ ಸಹಿಸಬಹುದಿತ್ತು. ನಲವತ್ತು ಆರಿಸಿದಾಗ ಮೆನುವಿನಲ್ಲಿ ನನ್ನ ಸಾಲೇ ಇಲ್ಲ!

ಎಲ್ಲೋ ಅಕ್ಷರ ತಪ್ಪಿದೆ ಎಂದುಕೊಂಡು ಅರ್ಧ ದಿನ ಕೀಗಳನ್ನು ತಿದ್ದುತ್ತಾ ಕೂತೆ. ತಪ್ಪು ಅಲ್ಲಿರಲಿಲ್ಲ. 15ಕ್ಕಿಂತ ಜಾಸ್ತಿ ಫೈಲು ಆರಿಸಿದರೆ ಇಂಥ ಸಾಲುಗಳು ಮರೆಯಾಗುತ್ತವೆ. ಕೈತಪ್ಪಿ ನೂರು ಕಿಟಕಿ ತೆರೆಯದಿರಲಿ ಎಂದು ಇಟ್ಟ ಮಿತಿ ಅದು. ರಿಜಿಸ್ಟ್ರಿಯಲ್ಲೇ 'ಮಲ್ಟಿಪಲ್ ಇನ್ವೋಕ್ ಪ್ರಾಂಪ್ಟ್ ಮಿನಿಮಮ್' ಎಂಬಲ್ಲಿ ಆ ಮಿತಿಯ ಸಂಖ್ಯೆ ಏರಿಸಿದೆ. ಸಾಲು ಬಂತು. ಜೊತೆಗೆ ನಲವತ್ತು ಕಿಟಕಿಗಳೂ ಬಂದವು.

ಸೆಂಡ್ ಟುನಲ್ಲಿ ಈ ಗೋಳಿಲ್ಲ. ಆರಿಸಿದ ಫೈಲುಗಳೆಲ್ಲ ಒಟ್ಟಿಗೇ ಹೋಗುತ್ತವೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಇಂಗ್ಲಿಷಿನಲ್ಲಿ ಶೆಲ್, ಕೋಲನ್, ಸೆಂಡ್‌ಟು ಎಂದು ಜಾಗ ಬಿಡದೆ ಟೈಪ್ ಮಾಡಿ. ತೆರೆದ ಫೋಲ್ಡರ್‌ನಲ್ಲಿ ನಿಮ್ಮ ಫೋಲ್ಡರ್‌ಗಳ ಶಾರ್ಟ್‌ಕಟ್ ಹಾಕಿ. ಕೆಲಸ ಮುಗಿಯಿತು. ಸಾಲನ್ನು ಒತ್ತುವಾಗ ಶಿಫ್ಟ್ ಹಿಡಿದರೆ ಫೈಲು ಅಲ್ಲಿಗೆ ಸರಿಯುತ್ತದೆ, ಕಂಟ್ರೋಲ್ ಹಿಡಿದರೆ ಪ್ರತಿ ಆಗುತ್ತದೆ. ಶಾರ್ಟ್‌ಕಟ್ ಹೆಸರಿನ ಮುಂದೆ 1, 2, 3 ಸೇರಿಸಿದರೆ ಬೇಕಾದ ಕ್ರಮದಲ್ಲಿ ಕೂರುತ್ತವೆ.

ವಿಂಡೋಸ್ 11ರಲ್ಲಿ ಇದು 'ಶೋ ಮೋರ್ ಆಪ್ಷನ್ಸ್' ಒಳಗೆ ಸೇರಿಕೊಂಡಿದೆ. ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿದರೆ ಹಳೇ ಮೆನು ನೇರವಾಗಿ ಬರುತ್ತದೆ. ಕೈಗೆ ರೂಢಿಯಾಗಲು ನನಗೆ ಎರಡು ದಿನ ಸಾಕಾಯಿತು.

ರಿಜಿಸ್ಟ್ರಿಯನ್ನು ಪೂರ್ತಿ ಬಿಟ್ಟಿಲ್ಲ. ಫೋಲ್ಡರ್‌ನ ಖಾಲಿ ಜಾಗದಲ್ಲಿ ಕ್ಲಿಕ್ ಮಾಡಿದಾಗ ಕಳಿಸಲು ಫೈಲೇ ಇರುವುದಿಲ್ಲ ಅಲ್ವಾ, ಅಲ್ಲಿಗೆ ಅದೇ ಬೇಕು. ಒಂದೇ ಒಂದು ಸಾಲು ಉಳಿಸಿಕೊಂಡಿದ್ದೇನೆ. ನಿಮಗೆ ಒಂದೊಂದೇ ಫೈಲಿನ ಕೆಲಸವಾದರೆ ರಿಜಿಸ್ಟ್ರಿಯೇ ಸಾಕು. ನನ್ನಂತೆ ರಾಶಿ ರಾಶಿ ಫೈಲು ಹಂಚುವವರು ದುಡ್ಡು ಖರ್ಚು ಮಾಡುವ ಮೊದಲು ಸೆಂಡ್ ಟು ನೋಡಿ.

ಹೋದ ವಾರ ಕ್ರಯಪತ್ರಗಳನ್ನು ಊರಿನ ಪ್ರಕಾರ ಎರಡು ಮಾಡಿದೆವು. ಇನ್ನೊಂದು ಶಾರ್ಟ್‌ಕಟ್ ಹಾಕಿದೆ, ಅಷ್ಟೇ.