ಪ್ರೋಬಯಾಟಿಕ್ ಪುಡಿಯನ್ನು ನಂಬಿ ಮುಲಾಮು ನಿಲ್ಲಿಸಿದೆವು

ನಮ್ಮ ಆರು ವರ್ಷದ ಮಗಳಿಗೆ ಮೊಣಕೈ ಮಡಿಕೆಯಲ್ಲಿಯೂ ಮಂಡಿಯ ಹಿಂಭಾಗದಲ್ಲಿಯೂ ಕೂಸಿದ್ದಾಗಿನಿಂದ ಇಸುಬು ಇದೆ. ಚರ್ಮವೈದ್ಯರು ಬರೆದುಕೊಟ್ಟ ಸೌಮ್ಯ ಸ್ಟೀರಾಯ್ಡ್ ಮುಲಾಮು ಮತ್ತು ಸ್ನಾನವಾದ ಕೂಡಲೇ ಹಚ್ಚುವ ಕ್ರೀಮು, ಇವೆರಡರಿಂದ ಅದು ಹತೋಟಿಯಲ್ಲಿತ್ತು. ಕಳೆದ ಮಾರ್ಚಿನಲ್ಲಿ ಕಲಬುರಗಿಯ ಒಂದು ಅಂಗಡಿಯವರು, ರೋಗದ ಬೇರು ಕರುಳಿನಲ್ಲಿದೆ, ಪ್ರೋಬಯಾಟಿಕ್ ಪುಡಿಯಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಹೊಟ್ಟೆ ಸೇರಿದರೆ ಚರ್ಮ ತಾನಾಗಿ ತಿಳಿಯಾಗುತ್ತದೆ, ಆದರೆ ಸ್ಟೀರಾಯ್ಡ್ ಹಚ್ಚುತ್ತಿದ್ದರೆ ಪುಡಿ ಕೆಲಸ ಮಾಡುವುದಿಲ್ಲ ಎಂದು ಬಹಳ ಸಮಾಧಾನದಿಂದ ವಿವರಿಸಿದರು. ಸ್ಟೀರಾಯ್ಡ್ ಎಂಬ ಹೆಸರಿಗೇ ಅಂಜುತ್ತಿದ್ದ ನಮಗೆ ಅದು ಹಿತವಾಗಿ ಕೇಳಿಸಿತು. ಅಂದೇ ಪುಡಿ ಕೊಡಲಾರಂಭಿಸಿ, ಮುಲಾಮನ್ನು ಕಪಾಟಿನಲ್ಲಿಟ್ಟೆವು.

ಮೊದಲ ಎರಡು ವಾರ ಏನೂ ಆಗಲಿಲ್ಲ. ಮೂರನೆಯ ವಾರ ತುರಿಕೆ ಹೆಚ್ಚಾದಾಗ, ವಿಷ ಹೊರಗೆ ಬರುತ್ತಿದೆ, ಗಾಬರಿಯಾಗಬೇಡಿ ಎಂಬ ಉತ್ತರ ಅಂಗಡಿಯವರಿಂದ ಬಂತು. ಈ ಒಂದು ಮಾತು ನಮ್ಮ ಇಡೀ ಏಪ್ರಿಲನ್ನು ನುಂಗಿತು. ಬಿಸಿಲು 42 ಡಿಗ್ರಿ ದಾಟಿದ್ದ ದಿನಗಳವು. ಬೆವರಿಗೆ ಉರಿ ಹೆಚ್ಚಾಗಿ ಮಗು ರಾತ್ರಿಯಿಡೀ ಕೆರೆದುಕೊಳ್ಳುತ್ತಿತ್ತು, ಬೆಳಿಗ್ಗೆ ದಿಂಬಿನ ಮೇಲೆ ರಕ್ತದ ಚುಕ್ಕೆಗಳಿರುತ್ತಿದ್ದವು. ತಿಂಗಳ ಕೊನೆಗೆ ಮಂಡಿಯ ಹಿಂದೆ ಜೇನಿನ ಬಣ್ಣದ ಹಕ್ಕಳೆ ಕಟ್ಟಿ, ಅದರಡಿ ಕೀವು ತುಂಬಿ, ಜ್ವರವೂ ಬಂದಿತು.

ಬಿರುಕು ಬಿಟ್ಟ ಚರ್ಮಕ್ಕೆ ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ತಗುಲಿದೆ ಎಂದು ವೈದ್ಯರು ಹೇಳಿದರು. ಆಂಟಿಬಯಾಟಿಕ್ ಕೊಟ್ಟು, ಹಳೆಯ ಮುಲಾಮನ್ನೇ ಮತ್ತೆ ಆರಂಭಿಸಿದರು. ಅವರು ಪುಡಿಯನ್ನು ವಿಷವೆಂದು ಬೈಯಲಿಲ್ಲ. ಆರೋಗ್ಯವಂತ ಮಗುವಿಗೆ ಅದರಿಂದ ಸಾಮಾನ್ಯವಾಗಿ ಅಪಾಯವಿಲ್ಲ, ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಿಗೂ ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೂ ಮುಖ್ಯವಾಗಿ ಪುಡಿಯಲ್ಲಿನ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುವ ಭಯವಿದೆ ಎಂದರು. ಅವರ ಸಿಟ್ಟೆಲ್ಲ ನಾವು ಮುಲಾಮು ನಿಲ್ಲಿಸಿದ್ದರ ಮೇಲಿತ್ತು.

ಆಮೇಲೆ ಓದಿ ತಿಳಿದದ್ದು: ಇಸುಬಿನ ಚಿಕಿತ್ಸೆಗೆ ಪ್ರೋಬಯಾಟಿಕ್ ಬಳಸಿದ 39 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ 2018ರ ಕಾಕ್ರೇನ್ (ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಸಂಸ್ಥೆ) ವರದಿಯ ಪ್ರಕಾರ, ಪ್ರೋಬಯಾಟಿಕ್‌ನಿಂದ ತುರಿಕೆಯೂ ನಿದ್ರಾಭಂಗವೂ ಬಹುಶಃ ಅಷ್ಟೇನೂ ಕಡಿಮೆಯಾಗುವುದಿಲ್ಲ. ಅಂಗಡಿಯವರು ಇದನ್ನು ಓದಿರಲಿಕ್ಕಿಲ್ಲ, ಸರಿ. ಆದರೆ ವೈದ್ಯರು ಬರೆದ ಔಷಧವನ್ನು ನಿಲ್ಲಿಸಿರೆಂದು ಹೇಳುವ ಧೈರ್ಯ ಅವರಿಗೆ ಎಲ್ಲಿಂದ ಬಂತೆಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ. ನಿಮಗೂ ಯಾರಾದರೂ ಪುಡಿಯ ಜೊತೆಗೆ ಈ ಷರತ್ತನ್ನು ಹಾಕಿದರೆ ಅಲ್ಲಿಂದಲೇ ಎದ್ದು ಬನ್ನಿ. ಕೊಡಲೇಬೇಕೆನಿಸಿದರೆ ಚರ್ಮವೈದ್ಯರನ್ನು ಕೇಳಿ, ನಡೆಯುತ್ತಿರುವ ಚಿಕಿತ್ಸೆಯ ಜೊತೆಯಲ್ಲಿಯೇ ಕೊಡಿ.

ಉಳಿದ ಹನ್ನೊಂದು ಪೊಟ್ಟಣಗಳು ಅಡುಗೆಮನೆಯ ಕಿಟಕಿ ಪಕ್ಕದ ಡಬ್ಬಿಯಲ್ಲಿದ್ದವು. ಎಸೆಯುವ ಮುನ್ನ ಒಂದನ್ನು ತಿರುಗಿಸಿ ನೋಡಿದೆ. 25 ಡಿಗ್ರಿಗಿಂತ ಕಡಿಮೆ ಉಷ್ಣಾಂಶದಲ್ಲಿಡಿ ಎಂದು ಸಣ್ಣ ಅಕ್ಷರಗಳಲ್ಲಿತ್ತು. ಆ ಬಿಸಿಲಿನಲ್ಲಿ ಒಳಗಿನ ಬ್ಯಾಕ್ಟೀರಿಯಾಗಳೆಷ್ಟು ಬದುಕಿದ್ದವೋ! ಅದರ ಕೆಳಗಿನ ಸಾಲು ಇನ್ನೂ ಸಣ್ಣದು: ಔಷಧೀಯ ಬಳಕೆಗಲ್ಲ.