ಯಕ್ಷಗಾನ ನೋಡಲು ಪ್ಯಾಕೇಜ್‌ಗೆ ದುಡ್ಡು ಕಟ್ಟುವವರು ದಯವಿಟ್ಟು ಇದನ್ನು ಓದಿ

ನೆಚ್ಚಿನ ಕಲಾವಿದರ ಆಟ (ಯಕ್ಷಗಾನ ಪ್ರದರ್ಶನ) ನೋಡಲು ಬೆಂಗಳೂರಿನಿಂದ ಕರಾವಳಿಗೆ ಕರೆದುಕೊಂಡು ಹೋಗುತ್ತೇವೆ ಅಂತ ಪ್ಯಾಕೇಜ್ ಮಾಡುವವರು ಈಗ ಜಾಸ್ತಿ ಆಗಿದ್ದಾರೆ. ಎಲ್ಲರೂ ಮೋಸ ಮಾಡುತ್ತಾರೆ ಅಂತ ನಾನು ಹೇಳುವುದಿಲ್ಲ. ಆದರೆ ಕಳೆದ ಚಳಿಗಾಲದಲ್ಲಿ ನಮಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು. ಅದರಲ್ಲೂ ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಆಗಲೇಬಾರದು. ಅದಕ್ಕೇ ಬರೆಯುತ್ತಿದ್ದೇನೆ. ಪ್ಯಾಕೇಜ್ ಮಾಡಿದವರ ಹೆಸರು, ಕಲಾವಿದರ ಹೆಸರು, ಊರಿನ ಹೆಸರು ಯಾವುದನ್ನೂ ಹಾಕುವುದಿಲ್ಲ.

ನಮ್ಮ ಅತ್ತೆ ಹೊನ್ನಾವರದ ಕಡೆಯವರು. ಸೂಡಿ (ತೆಂಗಿನ ಗರಿಯ ಪಂಜು) ಹಿಡಿದುಕೊಂಡು ಗದ್ದೆ ಬದುವಿನ ಮೇಲೆ ನಡೆದು ಹೋಗಿ ಆಟ ನೋಡಿದವರು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ, ಭಸ್ಮಾಸುರ ನೋಡಿ ಬೆಳೆದವರು. 2012ರಲ್ಲಿ ಚಿಟ್ಟಾಣಿಯವರಿಗೆ ಪದ್ಮಶ್ರೀ ಬಂದಾಗ ಕೇರಿಗೆಲ್ಲ ಸಿಹಿ ಹಂಚಿದ್ದರಂತೆ. ಈಗ ನಮ್ಮ ಜೊತೆ ಬೆಂಗಳೂರಿನಲ್ಲಿದ್ದಾರೆ, ಮಂಡಿನೋವಿನಿಂದ ಹೆಚ್ಚು ಓಡಾಡುವುದಿಲ್ಲ. ಆದರೂ ಈಗಿನ ಒಬ್ಬ ಬಡಗುತಿಟ್ಟಿನ (ಕರಾವಳಿಯ ಉತ್ತರ ಭಾಗದ ಯಕ್ಷಗಾನ ಶೈಲಿಯ) ಕಲಾವಿದರೆಂದರೆ ಅವರಿಗೆ ಪ್ರಾಣ. ಆ ಕಲಾವಿದರ ಕೌರವನನ್ನು (ದುರ್ಯೋಧನನ ಪಾತ್ರವನ್ನು) ರಂಗಸ್ಥಳದ ಎದುರೇ ಕೂತು ಒಮ್ಮೆ ನೋಡಬೇಕು ಅಂತ ವರ್ಷಗಟ್ಟಲೆ ಹೇಳುತ್ತಿದ್ದರು.

ಆಗ ನಮ್ಮ ಬಡಾವಣೆಯ ಗ್ರೂಪಿಗೆ ಒಂದು ಪೋಸ್ಟರ್ ಬಂತು. ಕುಂದಾಪುರದ ಕಡೆ ಶನಿವಾರ ರಾತ್ರಿ ಆಟ. ಪ್ರಸಂಗ (ಆಡುವ ಕಥೆ) ಗದಾಯುದ್ಧ. ಆ ಕಲಾವಿದರ ದೊಡ್ಡ ಫೋಟೋ, ಕೆಳಗೆ ‘ಕೌರವನಾಗಿ’ ಅಂತ. ಟೆಂಪೋ ಟ್ರಾವೆಲರ್, ಊಟ, ಮುಂದಿನ ಸಾಲಿನಲ್ಲಿ ಸೋಫಾ, ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಕಲಾವಿದರ ಜೊತೆ ಫೋಟೋ, ಭಾನುವಾರ ದೇವಸ್ಥಾನ ನೋಡಿಕೊಂಡು ವಾಪಸ್. ತಲೆಗೆ 3,500 ರೂಪಾಯಿ. ದುಡ್ಡನ್ನು ಒಬ್ಬರ ಸ್ವಂತ ನಂಬರಿಗೆ ಫೋನ್‌ಪೇ ಮಾಡಬೇಕಿತ್ತು. ರಸೀದಿ ಕೇಳಿದಾಗ ‘ಗ್ರೂಪಿನಲ್ಲಿ ಹೆಸರು ಹಾಕಿದ್ದೇನಲ್ಲ ಮೇಡಂ, ಅದೇ ರಸೀದಿ’ ಅಂದರು.

ಬೆಂಗಳೂರಿನಿಂದ ಕುಂದಾಪುರ ನಾನೂರು ಕಿಲೋಮೀಟರ್‌ಗಿಂತ ಜಾಸ್ತಿ. ಶಿರಾಡಿ ಘಾಟಿ ಇಳಿದು ಮಂಗಳೂರು, ಉಡುಪಿ ದಾಟಿ ಹೋಗುವಷ್ಟರಲ್ಲಿ ಇಡೀ ದಿನ ಕಳೆದಿತ್ತು. ‘ಫ್ರೆಶ್ ಆಗಲು ಲಾಡ್ಜ್’ ಅಂತ ಇದ್ದದ್ದು ಎಲ್ಲರಿಗೂ ಸೇರಿ ಒಂದೇ ರೂಮು. ಹೆಂಗಸರು, ಗಂಡಸರು, ಮಕ್ಕಳು ಸಾಲಿನಲ್ಲಿ ನಿಂತು ಮುಖ ತೊಳೆದುಕೊಂಡೆವು. ಅದನ್ನೂ ಸಹಿಸಿಕೊಂಡೆವು. ಅತ್ತೆ ರೇಷ್ಮೆ ಸೀರೆ ಉಟ್ಟುಕೊಂಡು, ಮಲ್ಲಿಗೆ ಮುಡಿದುಕೊಂಡು ತಯಾರಾಗಿದ್ದರು.

ಆಟದ ಬಯಲಿಗೆ ಹೋದರೆ ಮುಂದಿನ ಸಾಲಿನ ಸೋಫಾಗಳಲ್ಲಿ ಆಗಲೇ ದಾನಿಗಳು, ಊರಿನ ಪ್ರಮುಖರು ಕೂತಿದ್ದರು. ನಮಗೆ ಬಲಗಡೆ, ವಿಡಿಯೋ ಕ್ಯಾಮೆರಾ ಸ್ಟ್ಯಾಂಡಿನ ಹಿಂದೆ ಪ್ಲಾಸ್ಟಿಕ್ ಕುರ್ಚಿ. ಅಲ್ಲಿಂದ ಹಾಡುವ ಭಾಗವತರು ಕಾಣುತ್ತಿರಲಿಲ್ಲ, ರಂಗಸ್ಥಳದ ಅರ್ಧ ಭಾಗ ಮಾತ್ರ ಕಾಣುತ್ತಿತ್ತು. ಹೆಂಗಸರಿಗೆ ಶೌಚಾಲಯ ಎಲ್ಲಿ ಅಂತ ಕೇಳಿದರೆ ರಸ್ತೆ ದಾಟಿ ಶಾಲೆಗೆ ಹೋಗಿ ಅಂದರು. ಹೋಗಿ ನೋಡಿದರೆ ಶಾಲೆಯ ಗೇಟಿಗೆ ಬೀಗ. ಮಂಡಿನೋವಿನ ಹೆಂಗಸನ್ನು ಕತ್ತಲಲ್ಲಿ ಅಷ್ಟು ದೂರ ನಡೆಸಿಕೊಂಡು ಹೋಗಿ ವಾಪಸ್ ಕರೆತಂದೆ. ಕೊನೆಗೆ ಪಕ್ಕದ ಮನೆಯ ಒಬ್ಬ ತಾಯಿ ಬಾಗಿಲು ತೆಗೆದರು. ಅವರ ಉಪಕಾರ ಮರೆಯುವುದಿಲ್ಲ.

ಆಟ ಚೆನ್ನಾಗಿಯೇ ಶುರುವಾಯಿತು. ಆದರೆ ಹತ್ತೂವರೆ ಹೊತ್ತಿಗೆ ಚೆಂಡೆ ನಿಲ್ಲಿಸಿ ‘ಸಭಾ ಕಾರ್ಯಕ್ರಮ’ ಅಂದರು. ರಂಗಸ್ಥಳದ ಮೇಲೆ ಕುರ್ಚಿ ಬಂತು. ಸ್ವಾಗತ, ಪ್ರಸ್ತಾವನೆ, ಶಾಲು, ಹಾರ, ಹಣ್ಣಿನ ಬುಟ್ಟಿ, ಒಬ್ಬರಾದ ಮೇಲೆ ಒಬ್ಬರಿಗೆ ಸನ್ಮಾನ. ಒಂದು ಗಂಟೆ ಮೇಲೆ ಹೋಯಿತು. ಅಷ್ಟು ಹೊತ್ತೂ ಆ ದೊಡ್ಡ ಕಲಾವಿದರು ಪೂರ್ತಿ ವೇಷ ಕಟ್ಟಿಕೊಂಡು ಚೌಕಿಯಲ್ಲಿ ಕಾಯುತ್ತಿದ್ದರು. ಕಲಾವಿದರ ಹೆಸರಿನಲ್ಲಿ ಜನ ಸೇರಿಸಿ, ಅವರ ಹೊತ್ತನ್ನೇ ಭಾಷಣಕ್ಕೆ ತಿನ್ನಿಸುವ ಈ ಅಭ್ಯಾಸ ಯಾವಾಗ ನಿಲ್ಲುತ್ತದೋ. ಸನ್ಮಾನ ಬೇಡ ಅನ್ನುವುದಿಲ್ಲ. ಆಟಕ್ಕೆ ಮೊದಲೇ ಮಾಡಿ ಮುಗಿಸಬಹುದಲ್ವಾ?

ಮಧ್ಯರಾತ್ರಿಗೆ ಸ್ವಲ್ಪ ಮೊದಲು ಕೌರವ ಬಂದರು. ಸತ್ಯ ಹೇಳಬೇಕು, ಅಷ್ಟು ಹೊತ್ತು ಮೈಕೈ ನೋವಲ್ಲಿ ಕಾದದ್ದೆಲ್ಲ ಒಂದು ಕ್ಷಣ ಮರೆತುಹೋಯಿತು. ತಮ್ಮಂದಿರನ್ನು, ಕರ್ಣನನ್ನು ಕಳೆದುಕೊಂಡು ಹೆಣಗಳ ನಡುವೆ ಒಬ್ಬನೇ ನಡೆಯುವ ರಾಜ. ಆ ಕಲಾವಿದರು ಆ ಜಾಗದಲ್ಲಿ ಕುಣಿಯಲಿಲ್ಲ. ಗದೆಯನ್ನು ನೆಲಕ್ಕೆ ಊರಿ, ಒಂದು ಹೆಜ್ಜೆ ಇಟ್ಟು ನಿಂತು, ಹಿಂದೆ ತಿರುಗಿ ನೋಡಿದರು. ಭಾಗವತರು ಪದ ಎತ್ತಿದರೂ ಇವರು ಅಲ್ಲಾಡಲಿಲ್ಲ. ಇಡೀ ಬಯಲು ಸುಮ್ಮನಾಯಿತು. ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಕೌರವ ವೈಶಂಪಾಯನ ಸರೋವರಕ್ಕೆ ಇಳಿದು ಮರೆಯಾದ. ಪಾಂಡವರು ಹುಡುಕಿಕೊಂಡು ಬಂದರು. ಭೀಮ ದಡದಲ್ಲಿ ನಿಂತು ಹಂಗಿಸಿದ. ಗದಾಯುದ್ಧ ನೋಡಿದವರಿಗೆ ಗೊತ್ತು, ಆ ಪ್ರಸಂಗದ ಜೀವ ಇರುವುದೇ ಅಲ್ಲಿಂದ ಮುಂದೆ. ಮಾತು ತಡೆಯಲಾರದೆ ನೀರಿನಿಂದ ಎದ್ದು ಬರುವ ಕೌರವ, ಭೀಮನ ಜೊತೆಗಿನ ವಾದ, ಗದೆಯ ಕಾಳಗ, ತೊಡೆ ಮುರಿದು ಬಿದ್ದ ಮೇಲಿನ ಮಾತುಗಳು. ನಾವು ನಾನೂರು ಕಿಲೋಮೀಟರ್ ಬಂದದ್ದು ಅದಕ್ಕೆ.

ಎದ್ದು ಬಂದ ಕೌರವ ಬೇರೆಯವರು. ಇನ್ನೊಬ್ಬ ಕಲಾವಿದರು, ವಯಸ್ಸಿನಲ್ಲಿ ಚಿಕ್ಕವರು.

ಅತ್ತೆಗೆ ಮೊದಲು ಅರ್ಥವೇ ಆಗಲಿಲ್ಲ. ‘ಇವ ಯಾರು? ಅವರು ಎಲ್ಲಿ?’ ಅಂತ ನನ್ನನ್ನೇ ಕೇಳಿದರು. ಸುತ್ತಲೂ ಜನ ಎದ್ದು ಹೊರಡತೊಡಗಿದರು. ಬಂದ ಆ ಹುಡುಗನ ತಪ್ಪು ಏನೂ ಇಲ್ಲ. ಒಳ್ಳೆಯ ಸ್ವರ, ಒಳ್ಳೆಯ ಕುಣಿತ, ಕಷ್ಟಪಟ್ಟು ಮಾಡಿದರು. ಆದರೆ ಖಾಲಿಯಾಗುತ್ತಿರುವ ಕುರ್ಚಿಗಳ ಎದುರು ಅವರು ಅಷ್ಟು ದೊಡ್ಡ ಪಾತ್ರ ನಿಭಾಯಿಸಬೇಕಾಯಿತು. ಅವರಿಗೂ ಇದು ಅನ್ಯಾಯವೇ.

ನಾನು ಅತ್ತೆಯನ್ನು ಕರೆದುಕೊಂಡು ಚೌಕಿಗೆ ಹೋದೆ. ಆ ಕಲಾವಿದರು ಗೆಜ್ಜೆ ಬಿಚ್ಚಿ ಚೀಲಕ್ಕೆ ಹಾಕುತ್ತಿದ್ದರು. ಮುಖದ ಬಣ್ಣ ತೆಗೆದಿರಲಿಲ್ಲ. ಹೊರಗೆ ಕಾರು ಸ್ಟಾರ್ಟ್ ಮಾಡಿಕೊಂಡು ನಿಂತಿತ್ತು. ಇನ್ನೊಂದು ಊರಿನಲ್ಲಿ ಬೆಳಗಿನ ಜಾವದ ವೇಷಕ್ಕೆ ಅದೇ ಬಣ್ಣದಲ್ಲಿ ಹೋಗಬೇಕಿತ್ತು. ಅತ್ತೆ ಬೆಂಗಳೂರಿನಿಂದ ಬಂದದ್ದು ಕೇಳಿ ಅವರ ಮುಖ ಸಣ್ಣದಾಯಿತು. ‘ಅಮ್ಮ, ಆಟ ಒಪ್ಪಿಕೊಂಡು ವೀಳ್ಯ ತಗೊಳ್ಳುವಾಗಲೇ ಹೇಳಿದ್ದೆ, ಕೊಳಕ್ಕೆ ಇಳಿಯುವ ತನಕ ಮಾತ್ರ ಅಂತ. ನಿಮಗೆ ಯಾರೂ ಹೇಳಲಿಲ್ವಾ?’ ಅಂದರು. ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದರು. ಫೋಟೋ ತೆಗೆಯುವ ಮನಸ್ಸು ನಮಗೆ ಯಾರಿಗೂ ಬರಲಿಲ್ಲ.

ಹೊರಗೆ ಚಹಾದ ಅಂಗಡಿಯ ಗೋಡೆಗೆ ಆಟದ ಅಸಲಿ ಕರಪತ್ರ ಅಂಟಿಸಿದ್ದರು. ಹಿಮ್ಮೇಳ (ಹಾಡು, ಚೆಂಡೆಯವರು), ಮುಮ್ಮೇಳ (ವೇಷದವರು) ಎಲ್ಲ ಸರಿಯಾಗಿ ಇತ್ತು. ಕೌರವನ ಎದುರು ಎರಡು ಹೆಸರು, ನಡುವೆ ಒಂದು ಗೆರೆ. ಅಂದರೆ ಆಟ ಆಡಿಸಿದವರು ಮುಚ್ಚಿಟ್ಟಿರಲಿಲ್ಲ. ಊರಿನವರಿಗೆಲ್ಲ ಗೊತ್ತಿತ್ತು. ಪ್ಯಾಕೇಜ್ ಮಾಡಿದವರು ಆ ಕರಪತ್ರ ಬಿಟ್ಟು ತಮ್ಮದೇ ಪೋಸ್ಟರ್ ಮಾಡಿ, ಎರಡನೇ ಹೆಸರನ್ನು ತೆಗೆದುಹಾಕಿದ್ದರು. ಕೇಳಿದರೆ ಬಂದ ಉತ್ತರ: ‘ಅವರು ಬಂದಿದ್ದಾರೆ ತಾನೇ? ಕೌರವನೇ ಮಾಡಿದ್ದಾರೆ ತಾನೇ? ಇನ್ನೇನು ಮೇಡಂ?’ ಈ ಉತ್ತರ ಕೇಳಿದ ಮೇಲೆಯೇ ನನಗೆ ನಿಜವಾಗಿ ಸಿಟ್ಟು ಬಂದದ್ದು. ಸುಳ್ಳು ಹೇಳಿ ಸಿಕ್ಕಿಬೀಳದ ಹಾಗೆ ಮೊದಲೇ ಲೆಕ್ಕ ಹಾಕಿಕೊಂಡು ಬರೆದ ಪೋಸ್ಟರ್ ಅದು.

ಒಂದು ಪಾತ್ರವನ್ನು ಇಬ್ಬರು ಹಂಚಿಕೊಂಡು ಮಾಡುವುದು ಯಕ್ಷಗಾನದಲ್ಲಿ ಹೊಸದಲ್ಲ, ತಪ್ಪೂ ಅಲ್ಲ. ಈಗ ಬೇಗ ಮುಗಿಸುವ ಕಾಲಮಿತಿ ಆಟಗಳು ಜಾಸ್ತಿ. ರಾತ್ರಿ ಹತ್ತರಿಂದ ಬೆಳಗ್ಗೆ ಆರರ ತನಕ ಧ್ವನಿವರ್ಧಕಕ್ಕೆ ನಿರ್ಬಂಧ ಇರುವುದೂ ಅದಕ್ಕೆ ಒಂದು ಕಾರಣ. ಆಟ ಬೇಗ ಮುಗಿದರೆ ಬೇಡಿಕೆ ಇರುವ ಕಲಾವಿದರು ಅದೇ ರಾತ್ರಿ ಇನ್ನೊಂದು ಕಡೆಗೂ ಹೋಗುತ್ತಾರೆ. ವರ್ಷದಲ್ಲಿ ಊರೂರು ಸುತ್ತಿ ಆಡುವ ಆರೇಳು ತಿಂಗಳ ತಿರುಗಾಟದಲ್ಲೇ ಅವರ ದುಡಿಮೆ. ಅದನ್ನು ನಾನು ಆಡಿಕೊಳ್ಳುವುದಿಲ್ಲ. ದೂರದಿಂದ ಬರುವ ಅಭಿಮಾನಿಗೆ ಅದನ್ನು ಹೇಳದೆ ದುಡ್ಡು ತಗೊಳ್ಳುವುದು ಮಾತ್ರ ಮೋಸ.

ಹಾಗಾಗಿ ಹೊರಡುವ ಮೊದಲು ಅಸಲಿ ಕರಪತ್ರ ಕಳಿಸಿ ಅಂತ ಕೇಳಿ. ಆಟ ಆಡಿಸುವವರು ಛಾಪಿಸಿದ್ದು, ಅವರ ಫೋನ್ ನಂಬರ್ ಇರುವಂಥದ್ದು. ಪ್ಯಾಕೇಜ್‌ನವರ ಬಣ್ಣಬಣ್ಣದ ಪೋಸ್ಟರ್ ಸಾಲದು. ಕರಪತ್ರದಲ್ಲಿ ಪಾತ್ರದ ಎದುರು ಎರಡು ಹೆಸರಿದ್ದರೆ ಯಾರು ಯಾವ ಭಾಗ ಅಂತ ಆಡಿಸುವವರಿಗೇ ಫೋನ್ ಮಾಡಿ ಕೇಳಿ. ‘ಅತಿಥಿ ಕಲಾವಿದರು’ ಅಂತ ಇದ್ದರಂತೂ ಇನ್ನೂ ಜಾಗ್ರತೆ. ಎಷ್ಟು ಹೊತ್ತಿಗೆ ಬರುತ್ತಾರೆ, ಎಲ್ಲಿಯ ತನಕ ಇರುತ್ತಾರೆ, ನಡುವೆ ಸಭೆ ಇದೆಯಾ, ಎಲ್ಲ ಕೇಳಿ. ಕೇಳಿದರೆ ಊರಿನವರು ಬೇಸರ ಮಾಡಿಕೊಳ್ಳುವುದಿಲ್ಲ. ನವೆಂಬರ್‌ನಿಂದ ಮೇ ತನಕ ಕಲಾವಿದರು ತಮ್ಮ ಮೇಳದ (ತಂಡದ) ಜೊತೆ ತಿರುಗಾಟದಲ್ಲಿ ಇರುತ್ತಾರೆ. ಆ ಮೇಳದ ಆಟ ಅವತ್ತು ಎಲ್ಲಿದೆ ಅಂತ ನೋಡಿದರೂ ಅರ್ಧ ವಿಷಯ ಗೊತ್ತಾಗುತ್ತದೆ. ಮೇಳದ ಆಟ ಒಂದು ಊರಲ್ಲಿ, ಪೋಸ್ಟರ್ ಇನ್ನೊಂದು ಊರಿನದು ಅಂತಾದರೆ ಕೇಳದೆ ಹೋಗಬೇಡಿ.

ಪ್ರಯಾಣ ಬೇರೆ, ಟಿಕೆಟ್ ಬೇರೆ ಇಟ್ಟುಕೊಳ್ಳುವುದು ಒಳ್ಳೆಯದು. ಬೆಂಗಳೂರಿನಿಂದ ಕುಂದಾಪುರಕ್ಕೆ ರಾತ್ರಿ ಪಂಚಗಂಗಾ ರೈಲು ಇದೆ, ಸಾರಿಗೆ ಸಂಸ್ಥೆಯ ಸ್ಲೀಪರ್ ಬಸ್ಸುಗಳಿವೆ. ಬೆಳಗ್ಗೆ ಹೋಗಿ ಒಂದು ರೂಮು ಮಾಡಿ ಮಲಗಿ, ಸಂಜೆ ಆಟೋದಲ್ಲಿ ಆಟಕ್ಕೆ ಹೋಗಬಹುದು. ಟೆಂಟ್ ಆಟವಾದರೆ ಟಿಕೆಟ್ ಅಲ್ಲೇ ಸಿಗುತ್ತದೆ. ಭಕ್ತರು ಆಡಿಸುವ ಹರಕೆ ಆಟಗಳಿಗಂತೂ ಟಿಕೆಟ್ಟೇ ಇಲ್ಲ. ಮಂದಾರ್ತಿ, ಕಟೀಲು ಮೇಳಗಳ ಆಟವನ್ನು ಯಾರು ಬೇಕಾದರೂ ಹೋಗಿ ನೋಡಬಹುದು. ನೋಡುವುದಕ್ಕೇ ದುಡ್ಡಿಲ್ಲದ ಆಟಕ್ಕೆ ‘ಸೀಟು ಬುಕಿಂಗ್’ ಅಂತ ಯಾರಾದರೂ ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಚೌಕಿಯ ಫೋಟೋಗೂ ಹಾಗೇ. ಅದಕ್ಕೆ ಕೊಟ್ಟ ದುಡ್ಡಿನಲ್ಲಿ ಕಲಾವಿದರಿಗೆ ಒಂದು ರೂಪಾಯಿಯೂ ಹೋಗುವುದಿಲ್ಲ ಅಂತ ಅವರೇ ನಮಗೆ ಹೇಳಿದರು.

ಈಗಾಗಲೇ ಮೋಸ ಹೋಗಿದ್ದರೆ ಸುಮ್ನೆ ಕೂರಬೇಡಿ. ಪೋಸ್ಟರ್, ಚಾಟ್, ಹಣ ಕಳಿಸಿದ ಸ್ಕ್ರೀನ್‌ಶಾಟ್ ಎಲ್ಲ ಇಟ್ಟುಕೊಳ್ಳಿ. ಗ್ರೂಪಿನಲ್ಲಿ ಅವರು ಹಳೆಯ ಪೋಸ್ಟರ್ ಅಳಿಸಿಬಿಡುತ್ತಾರೆ, ನಮ್ಮಲ್ಲೂ ಅಳಿಸಿದರು. ಅಷ್ಟರೊಳಗೆ ನನ್ನ ಮೈದುನ ತೆಗೆದಿಟ್ಟಿದ್ದಕ್ಕೆ ಉಳಿಯಿತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಬಹುದು. ಅದರಿಂದ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ನಾವು ಕೊಟ್ಟ ಮೊತ್ತ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಕೊಡಬೇಕು. ದುಡ್ಡು ತಗೊಂಡು ಪ್ರವಾಸವನ್ನೇ ಮಾಡದೆ ಫೋನ್ ಸ್ವಿಚ್ ಆಫ್ ಮಾಡಿಕೊಂಡರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಹೇಳಿ.

ನಾವು ದೂರು ಬರೆಸಿದ ಮೇಲೆ ಅರ್ಧ ದುಡ್ಡು ವಾಪಸ್ ಬಂತು. ಇನ್ನರ್ಧಕ್ಕೆ ನಮ್ಮ ಜೊತೆ ಬಂದಿದ್ದ ಎಲ್ಲ ಮನೆಯವರೂ ಸೇರಿ ಆಯೋಗಕ್ಕೆ ಹೋಗುವುದು ಅಂತ ತೀರ್ಮಾನ ಮಾಡಿದ್ದೇವೆ. ಈ ನಡುವೆ ಅದೇ ಜನರ ಹೊಸ ಪೋಸ್ಟರ್ ಬಂದಿದೆ. ಅದೇ ಕಲಾವಿದರ ಫೋಟೋ, ಈ ಸಲ ಕೀಚಕ. ‘ಪೂರ್ತಿ ಕೀಚಕ ಅವರೇನಾ?’ ಅಂತ ಗ್ರೂಪಿನಲ್ಲಿ ಕೇಳಿದ ಒಬ್ಬರನ್ನು ಗ್ರೂಪಿನಿಂದಲೇ ತೆಗೆದಿದ್ದಾರೆ. ಆ ಪೋಸ್ಟರ್ ನಿಮಗೂ ಬಂದಿದ್ದರೆ, ಆಟ ಆಡಿಸುವವರ ನಂಬರ್ ಹುಡುಕಿ ಮೊದಲು ಮಾತಾಡಿ. ಅಲ್ಲಿಯ ತನಕ ಫೋನ್‌ಪೇ ಮಾಡಬೇಡಿ.